ಬಿಡುವಿನ ಮಾತು: ಬಟ್ಟೆಯ ಹಿಂಬದಿ

ನಮ್ಮ ಸಂಘಗಳ ಆಮಂತ್ರಣ ಪತ್ರಿಕೆಗಳಲ್ಲಿ 'ಕಲೆ' ಎಂಬ ಮಾತಿಗೆ ಒಂದು ನಿಶ್ಚಿತವಾದ ಜಾಗವಿದೆ. ಮೊದಲು ಪ್ರಾರ್ಥನೆ, ಆಮೇಲೆ ಸ್ವಾಗತ, ವರದಿ ವಾಚನ, ಗಣ್ಯರಿಗೆ ಹಾರ, ಅಧ್ಯಕ್ಷರ ಭಾಷಣ. ಇಷ್ಟೆಲ್ಲ ಮುಗಿದು ಮಕ್ಕಳು ತೂಕಡಿಸುವ ಹೊತ್ತಿಗೆ 'ಕಲಾ ಕಾರ್ಯಕ್ರಮ'. ಎರಡು ಹಾಡು, ಒಂದು ಕುಣಿತ, ಒಂದು ಏಕಾಂಕ. ಕೋಶಾಧಿಕಾರಿಗಳ ಕೃಪೆಯಿದ್ದ ವರ್ಷ ಊರಿನಿಂದ ಒಂದು ಯಕ್ಷಗಾನ ಮೇಳ. ಪರದೆ ಏಳುವುದಕ್ಕೆ ಮುಂಚೆ ಕಲೆಯಿಲ್ಲ. ಪರದೆ ಬಿದ್ದ ಮೇಲೂ ಇಲ್ಲ. ಆದರೆ ಅದೇ ಸಭಾಂಗಣದ ಬಾಗಿಲಲ್ಲಿ ನಾಲ್ಕಾರು ಮಂದಿ ಹೆಂಗಸರು ಬೆಳಗ್ಗೆಯೇ ಬಂದು, ಬಗ್ಗಿ ಕುಳಿತು, ಎರಡು ಗಂಟೆ ಕಾಲ ರಂಗೋಲಿ ಬಿಟ್ಟಿರುತ್ತಾರೆ. ಕಲೆ ನೋಡಬೇಕೆಂದು ಅವಸರದಿಂದ ಬಂದ ಮಹನೀಯರು ಅದರ ಒಂದು ಅಂಚನ್ನು ತುಳಿದುಕೊಂಡೇ ಒಳಗೆ ಹೋಗುತ್ತಾರೆ.

ಇಂಥದೇ ಒಂದು ಸಮಾರಂಭದ ಊಟದ ಪಂಕ್ತಿಯಲ್ಲಿ ಪರಿಚಯದ ಗೃಹಿಣಿಯೊಬ್ಬರು ನಮ್ಮನ್ನು ಕೇಳಿದರು: "ನೀವು ಬರೆಯುವವರು, ಅವರು ಹಾಡುವವರು, ನಿಮಗೆಲ್ಲ ಕಲೆ ಸರಿ. ನಮಗೆಲ್ಲಿಯ ಕಲೆ, ರಾಯರೆ? ಐದಕ್ಕೆ ಎದ್ದರೆ ನೀರು, ಡಬ್ಬಿ, ಲೋಕಲ್ಲು, ಆಫೀಸು. ತಿರುಗಿ ಬಂದರೆ ಅಡಿಗೆ, ಮಕ್ಕಳ ಪಾಠ. ಇದರಲ್ಲಿ ಕಲೆಗೆ ಎಡೆಯೆಲ್ಲಿ?" ಅನ್ನದ ಮೇಲೆ ಸಾರು ಬೀಳುತ್ತಿರುವಾಗ ಉತ್ತರ ಹೇಳಿ ಮುಗಿಸಬಹುದಾದ ಪ್ರಶ್ನೆಯಲ್ಲ ಅದು. ಆದ್ದರಿಂದ ಈ ಸಂಚಿಕೆಯ ನಮ್ಮ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಕನ್ನಡದಲ್ಲಿ 'ಕಲೆ' ಎಂಬ ಪದಕ್ಕೆ ಇನ್ನೊಂದು ಅರ್ಥವೂ ಇದೆಯಷ್ಟೆ. ಬಿಳಿಯ ಪಂಚೆಗೆ ಸಾಂಬಾರು ಬಿದ್ದರೆ ಅದೂ ಕಲೆಯೇ. ಗಾಯ ಮಾಯ್ದ ಮೇಲೆ ಉಳಿಯುವುದೂ ಕಲೆಯೇ. ಎರಡು ಪದಗಳೂ ಹುಟ್ಟಿನಿಂದ ಒಂದೇ ಎಂದು ವಾದಿಸುವಷ್ಟು ನಾವು ಪಂಡಿತರಲ್ಲ. ಆದರೂ ಈ ಸಾಮ್ಯ ನಮಗೆ ಹಿಡಿಸುತ್ತದೆ. ಕೆಲಸ ಮಾಡಿದವರ ಗುರುತು ಕೆಲಸದ ಮೇಲೆ ಉಳಿಯುವುದು, ಮತ್ತು ತೊಳೆದರೂ ಅದು ಹೋಗದಿರುವುದು, ಎರಡು ಕಲೆಗಳಿಗೂ ಸಲ್ಲುವ ಲಕ್ಷಣವೇ.

ನಮ್ಮ ಹಿಂದಿನವರು ಕಲೆಯನ್ನು ಅಷ್ಟು ಎತ್ತರದ ಅಟ್ಟದ ಮೇಲೆ ಇಟ್ಟಿರಲಿಲ್ಲ. ಅರವತ್ತನಾಲ್ಕು ಕಲೆಗಳೆಂದು ಎಲ್ಲರೂ ಹೇಳುತ್ತೇವೆ. ಅವು ಯಾವುವೆಂದು ಯಾರೂ ಎಣಿಸಲು ಹೋಗುವುದಿಲ್ಲ. ವಾತ್ಸ್ಯಾಯನನು ಕೊಟ್ಟಿರುವ ಪಟ್ಟಿಯನ್ನು ತೆರೆದರೆ ಗೀತ, ವಾದ್ಯ, ನೃತ್ಯ, ಚಿತ್ರಗಳ ಸಾಲಿನಲ್ಲೇ ಅಕ್ಕಿ ಹೂವುಗಳಿಂದ ನೆಲವನ್ನು ಸಿಂಗರಿಸುವುದು ಬರುತ್ತದೆ. ಹೂಮಾಲೆ ಕಟ್ಟುವುದು, ಹಾಸಿಗೆ ಅಣಿಮಾಡುವುದು, ಬಗೆಬಗೆಯ ತಿನಿಸು ಪಾನಕಗಳನ್ನು ಮಾಡುವುದು, ಸೂಜಿಯ ಕೆಲಸ, ಮರಗೆಲಸ ಎಲ್ಲವೂ ಬರುತ್ತವೆ. ಹಾಡುವವನಿಗೂ ಹೊಲಿಯುವವಳಿಗೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಎಲೆ ಹಾಕಿದ್ದಾರೆ. ನಮ್ಮ ವಚನಕಾರರ ಹೆಸರುಗಳನ್ನೇ ನೋಡಿ: ಜೇಡರ ದಾಸಿಮಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ನುಲಿಯ ಚಂದಯ್ಯ. ನೇಯ್ಗೆ, ದೋಣಿ, ಬಟ್ಟೆ ಒಗೆತ, ಹಗ್ಗ ಹೊಸೆಯುವುದು ಇವರ ಹೆಸರಿನ ಮುಂದೆಯೇ ಕುಳಿತಿವೆ. ಕಸುಬನ್ನು ಹೊರಗೆ ಬಿಟ್ಟು ಬಾ ಎಂದು ಇವರಿಗೆ ಯಾರೂ ಹೇಳಲಿಲ್ಲ.

ಈಚಿನ ಕಾಲದಲ್ಲಿಯೂ ಈ ಮಾತನ್ನು ನೆನಪಿಸಿದವರಿದ್ದಾರೆ. ಆನಂದ ಕುಮಾರಸ್ವಾಮಿಯವರು (೧೮೭೭–೧೯೪೭), ಕಲಾವಿದನೆಂಬ ಒಂದು ವಿಶೇಷ ಜಾತಿಯಿಲ್ಲ, ಚೆನ್ನಾಗಿ ಮಾಡುವವನೆಲ್ಲ ಕಲಾವಿದನೇ ಎಂಬ ಅಭಿಪ್ರಾಯವನ್ನು ಮತ್ತೆ ಮತ್ತೆ ಮಂಡಿಸಿದರು. ಜಪಾನಿನಲ್ಲಿ ಯಾನಾಗಿ ಸೊಯೆತ್ಸು ಎಂಬ ವಿದ್ವಾಂಸರು ಹೆಸರಿಲ್ಲದ ಕುಂಬಾರರ ಬಟ್ಟಲುಗಳನ್ನೂ ಹಳ್ಳಿಯವರ ಬಟ್ಟೆಗಳನ್ನೂ ಕೂಡಿಸಿಟ್ಟು, ೧೯೩೬ರಲ್ಲಿ ಟೋಕಿಯೋದಲ್ಲಿ ಅವುಗಳಿಗೊಂದು ವಸ್ತು ಸಂಗ್ರಹಾಲಯವನ್ನೇ ತೆರೆದರು. ಅಷ್ಟು ದೂರ ಹೋಗುವುದೇಕೆ? ನಮ್ಮ ಕಣ್ಣಳತೆಯಲ್ಲಿರುವ ನಾಲ್ಕು ಕೆಲಸಗಳನ್ನು ನೋಡೋಣ.

ಮೊದಲನೆಯದು ಧಾರವಾಡದ ಕಸೂತಿ. ಇಳಕಲ್ಲ ಸೀರೆಯ ಮೇಲೆ, ಕುಪ್ಪಸದ ಖಣದ ಮೇಲೆ ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ, ತೇರು, ಗಿಳಿ, ನವಿಲುಗಳನ್ನು ತೆಗೆಯುವ ಈ ಹೆಣಿಕೆ ನಮ್ಮಲ್ಲಿ ಬಹಳ ಮಂದಿಗೆ ಗೊತ್ತು. ಅದನ್ನು ಹೇಗೆ ಹಾಕುತ್ತಾರೆಂಬುದು ಅಷ್ಟು ಮಂದಿಗೆ ಗೊತ್ತಿಲ್ಲ. ಹಳೆಯ ಪದ್ಧತಿಯಲ್ಲಿ ಬಟ್ಟೆಯ ಮೇಲೆ ಸೀಸದಕಡ್ಡಿಯಿಂದ ಗೆರೆ ಎಳೆಯುವುದಿಲ್ಲ, ಅಚ್ಚು ಒತ್ತುವುದಿಲ್ಲ. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಎಣಿಸಿ, ಆ ಎಣಿಕೆಯ ಮೇಲೆ ಸೂಜಿ ನಡೆಯಬೇಕು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತದೆ. ಹೊಲಿಗೆಗಳು ನಾಲ್ಕು: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಹಾಕಿ, ಅಷ್ಟೇ ಜಾಗ ಬಿಟ್ಟು, ಮತ್ತೊಂದು ಹಾಕುತ್ತ ಹೋಗುತ್ತದೆ. ತಿರುಗಿ ಬರುವಾಗ ಬಿಟ್ಟ ಜಾಗಗಳನ್ನೆಲ್ಲ ತುಂಬುತ್ತ ಬರುತ್ತದೆ. ಮುರಗಿಯೂ ಹಾಗೆಯೇ, ಮೆಟ್ಟಿಲು ಮೆಟ್ಟಿಲಾಗಿ. ದಾರಕ್ಕೆ ಗಂಟು ಹಾಕುವಂತಿಲ್ಲ. ಈ ಎರಡು ಹೊಲಿಗೆಗಳನ್ನು ಸರಿಯಾಗಿ ಹಾಕಿದ ಬಟ್ಟೆಯನ್ನು ತಿರುವಿ ಹಾಕಿದರೆ ಮುಂಬದಿ ಯಾವುದು, ಹಿಂಬದಿ ಯಾವುದು ಎಂದು ಹೇಳಲಾಗದು.

ನಮ್ಮ ಪಕ್ಕದ ಮನೆಗೆ ಧಾರವಾಡದ ಕಡೆಯ ಅಜ್ಜಿಯೊಬ್ಬರು ಮಗನಲ್ಲಿರಲೆಂದು ಬಂದಿದ್ದರು. ಮಧ್ಯಾಹ್ನದ ಹೊತ್ತು ಕಿಟಕಿಯ ಬೆಳಕಿಗೆ ಕುಳಿತು ಮೊಮ್ಮಗಳ ಲಂಗಕ್ಕೆ ತುಳಸಿಕಟ್ಟೆ ಹಾಕುತ್ತಿದ್ದರು. ಒಂದು ರಜಾದಿನ ನಾವು ಸುಮ್ಮನಿರಲಾರದೆ, "ಅಜ್ಜಿ, ಲಂಗದ ಹಿಂಬದಿಯನ್ನು ಯಾರು ನೋಡುತ್ತಾರೆ? ಅದಕ್ಕೇಕೆ ಇಷ್ಟು ಕಷ್ಟ?" ಎಂದೆವು. ಅವರು ಸೂಜಿ ನಿಲ್ಲಿಸಲಿಲ್ಲ. "ಯಾರೂ ನೋಡೂದಿಲ್ಲೋ ತಮ್ಮಾ. ಆದರ ಉಟ್ಟಾಕಿ ಮೈಗೆ ತಾಗೂದು ಹಿಂದಿನ ಮಗ್ಗಲಾನ ಅಲ್ಲೇನು? ಮುಂದಿಂದು ಮಂದಿಗೆ, ಹಿಂದಿಂದು ಉಟ್ಟಾಕಿಗೆ" ಎಂದರು. ಗಂಟುಗಳಿದ್ದರೆ ಕೂಸಿನ ಮೈಗೆ ಚುಚ್ಚುತ್ತದೆ; ಬಿಟ್ಟ ದಾರ ಕಾಲಿನ ಬೆರಳಿಗೆ ಸಿಕ್ಕಿ ಹರಿಯುತ್ತದೆ. ಹಿಂಬದಿಯ ಅಂದವೆಂಬುದು ಅಜ್ಜಿಗೆ ತೋರಿಕೆಯ ಮಾತಾಗಿರಲಿಲ್ಲ. ಉಡುವವಳ ಸುಖದ ಮಾತಾಗಿತ್ತು. ಕಲೆಯ ಬಗ್ಗೆ ನಾವು ಓದಿದ ದಪ್ಪ ಪುಸ್ತಕಗಳಲ್ಲಿ ಇಷ್ಟು ಚಿಕ್ಕ, ಇಷ್ಟು ಚೊಕ್ಕ ಮಾತು ನಮಗೆ ಸಿಕ್ಕಿಲ್ಲ. ಇನ್ನು ಮುಂದೆ ಹೇಳುವುದೆಲ್ಲ ಈ ಮಾತಿನ ವಿಸ್ತಾರವೇ.

ಇಂಥ ಎಣಿಕೆಯ ಕೆಲಸವನ್ನು ಹೆಂಗಸರ ಹೊತ್ತುಗಳೆಯುವ ಹವ್ಯಾಸವೆಂದು ತಳ್ಳಿಹಾಕುವವರಿಗೆ ಒಂದು ಸಂಗತಿ ತಿಳಿಸಬೇಕು. ಚೆನ್ನೈಯಲ್ಲಿರುವ ನಮ್ಮ ವಾಚಕರು ದಿನವೂ ಬಾಗಿಲು ಬಾಗಿಲಲ್ಲಿ ಕೋಲಂ ನೋಡುತ್ತಾರೆ. ಚುಕ್ಕಿಗಳ ಸುತ್ತ ಎಳೆಯನ್ನು ಬಳಸಿ ತಂದು, ಹೊರಟಲ್ಲಿಗೇ ಸೇರಿಸುವ ಆ ಜಾಣ್ಮೆಯನ್ನು ಮದ್ರಾಸು ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ದಂಪತಿಗಳೂ ಕಮಲಾ ಕೃತಿವಾಸನ್ ಅವರೂ ಸೇರಿ ಅಭ್ಯಾಸಮಾಡಿ, ಕೋಲಂಗಳನ್ನು ವ್ಯಾಕರಣದಂಥ ಸೂತ್ರಗಳಿಂದ ಹುಟ್ಟಿಸಬಹುದೆಂದು ೧೯೭೪ರಲ್ಲಿ ಒಂದು ಶಾಸ್ತ್ರೀಯ ಲೇಖನ ಪ್ರಕಟಿಸಿದರು. ಗಣಿತಜ್ಞರು ಗಣಕಯಂತ್ರಕ್ಕೆ ಹೇಳಿಕೊಡುತ್ತಿದ್ದುದು, ಬೆಳಗಿನ ಐದು ಗಂಟೆಗೆ ನೀರು ಚಿಮುಕಿಸಿ ಬಗ್ಗುವ ಹೆಂಗಸಿನ ಬೆರಳಿಗೆ ಮೊದಲೇ ತಿಳಿದಿದ್ದ ವಿಷಯವಾಗಿತ್ತು.

ಎರಡನೆಯದು ಕೌದಿ. ಬೆಳಗಾವಿ, ಧಾರವಾಡ, ವಿಜಯಪುರಗಳ ಕಡೆಯ ಯಾವ ಮನೆಯಲ್ಲಿ ಕೌದಿಯಿಲ್ಲ? ಅಜ್ಜನ ಧೋತರ, ಅವ್ವನ ಸೀರೆ, ಮದುವೆಯಾಗಿ ಹೋದ ಅಕ್ಕನ ಪರಕಾರ, ಕೂಸಿನ ಕುಲಾವಿ, ಎಲ್ಲದರ ತುಂಡುಗಳನ್ನು ಒಂದರ ಮೇಲೊಂದು ಹಾಸಿ, ಸಾಲು ಸಾಲಾಗಿ ಹೊಲಿಗೆ ನಡೆಸಿದ ಹೊದಿಕೆ ಅದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಸುತ್ತ ಇರುವ ಸಿದ್ದಿ ಹೆಂಗಸರು ಇದನ್ನು ಹೊಲಿಯುವ ರೀತಿಯೇ ಬೇರೆ. ಅಂಚಿನ ಒಂದು ಮೂಲೆಯಿಂದ ಮೊದಲುಮಾಡಿ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತ, ನಡುಮಧ್ಯದಲ್ಲಿ ಮುಗಿಸುತ್ತಾರೆ. ಮೂಲೆಗಳಿಗೆ ಮಡಿಸಿದ ಬಟ್ಟೆಯ ಚಿಕ್ಕ ಹೂಗಳನ್ನು ಸೇರಿಸುತ್ತಾರೆ. ಆ ಹೂವಿನಿಂದ ಚಳಿಯೇನೂ ಕಡಿಮೆಯಾಗುವುದಿಲ್ಲ. ಆದರೂ ಹೂವಿಲ್ಲದ ಕೌದಿಯನ್ನು ಅವರು ಪೂರ್ತಿಯಾದ ಕೌದಿಯೆಂದು ಎಣಿಸುವುದಿಲ್ಲ.

ಈ ಕೌದಿಯ ಗತಿ ನಮ್ಮ ಪಟ್ಟಣದ ಮನೆಗಳಲ್ಲಿ ಏನಾಗಿದೆಯೆಂದು ಯೋಚಿಸಿದರೆ ಮನಸ್ಸಿಗೆ ಸಂಕಟವಾಗುತ್ತದೆ. ಎರಡು ಕೋಣೆಯ ಮನೆ, ಒದ್ದೆಯಾದರೆ ಎತ್ತಲಾಗದ ಭಾರ, ಒಣಗಹಾಕಲು ಮಾಳಿಗೆಯಿಲ್ಲ. ಮುಂಬಯಿಯಲ್ಲಿ ಹಳೆಯ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಹೆಂಗಸರು ಬಾಗಿಲಿಗೆ ಬರುತ್ತಾರೆ. ನಮಗೆ ಗೊತ್ತಿರುವ ಒಂದು ಮನೆಯಲ್ಲಿ, ಅಟ್ಟ ಖಾಲಿ ಮಾಡುವಾಗ, ಅಜ್ಜಿ ಹೊಲಿದ ಕೌದಿ ನಾಲ್ಕು ಹಳೆಯ ಪ್ಯಾಂಟುಗಳ ಜೊತೆಗೆ ಸೇರಿ ಒಂದು ಪಾತೇಲಿಯಾಯಿತು. ಪಾತೇಲಿ ಒಳ್ಳೆಯದೇ, ದಿನವೂ ಉಪಯೋಗಕ್ಕೆ ಬರುತ್ತಿದೆ. ಆದರೆ ಆ ಮನೆಯ ತಂಗಿ, "ನನ್ನ ಹುಟ್ಟಿದ ಹಬ್ಬದ ಹಳದಿ ಫ್ರಾಕು, ತೀರಿಕೊಂಡ ಕಾಕಾನ ಶರ್ಟು ಎಲ್ಲಾ ಅದರೊಳಗ ಇದ್ದುವು" ಎಂದು ಹೇಳುವಾಗ ಅವರ ಗಂಟಲು ಕಟ್ಟಿತು. ಅವರ ಮನೆಯವರ ಬಟ್ಟೆಗಳೆಲ್ಲ ಒಂದು ಕಡೆ ಸೇರಿದ್ದ ಪುಸ್ತಕ ಅದೊಂದೇ. ಓದಲು ಬರುವವರು ತೀರಿಕೊಂಡಿದ್ದರು. ಉಳಿದವರ ಕಣ್ಣಿಗೆ ಅದು ಚಿಂದಿಯ ಗಂಟಾಗಿತ್ತು.

ಮೂರನೆಯ ಕೆಲಸಕ್ಕೆ ಸೂಜಿದಾರ ಬೇಡ, ಹೋಟೆಲಿಗೆ ಬನ್ನಿ. ಮಾಟುಂಗಾ ರೈಲು ನಿಲ್ದಾಣದ ಬಳಿ ಎ. ರಾಮ ನಾಯಕರು ೧೯೪೨ರಲ್ಲಿ ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನ ಊಟವನ್ನು ಅರಿಯದ ಮುಂಬಯಿ ಕನ್ನಡಿಗರು ಕಡಿಮೆ. ಇಂಥ ಹೋಟೆಲುಗಳು ನಮ್ಮ ಜನಕ್ಕೆ ಅನ್ನವನ್ನೂ ಆಸರೆಯನ್ನೂ ಕೊಟ್ಟವು. ಹಗಲೆಲ್ಲ ಅಲ್ಲಿ ದುಡಿದು, ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಮುಂದೆ ಬಂದವರು ಈ ಪತ್ರಿಕೆಯ ವಾಚಕರಲ್ಲಿಯೇ ಇದ್ದಾರೆ. ದೋಸೆಯ ಕಾವಲಿಯ ಮುಂದೆ ನಿಂತವನನ್ನು ಐದು ನಿಮಿಷ ಗಮನಿಸಿ ನೋಡಿ. ನೀರು ಚಿಮುಕಿಸುತ್ತಾನೆ, ಅದು ಚುಂಯ್ ಎನ್ನುವ ಸದ್ದಿನಿಂದಲೇ ಕಾವು ತಿಳಿಯುತ್ತಾನೆ. ತೆಂಗಿನ ಕಡ್ಡಿಯ ಹಿಡಿಯಿಂದ ಒಂದು ಸಲ ಒರಸಿ, ಹಿಟ್ಟನ್ನು ನಡುವೆ ಹುಯ್ದು, ಸೌಟಿನ ತಳದಿಂದ ಒಳಗಿನಿಂದ ಹೊರಕ್ಕೆ ಸುತ್ತು ಬಿಡಿಸುತ್ತಾನೆ. ಸಿದ್ದಿಯವರ ಕೌದಿ ಹೊರಗಿನಿಂದ ಒಳಕ್ಕೆ. ದೋಸೆ ಒಳಗಿನಿಂದ ಹೊರಕ್ಕೆ! ಕೈ ಭಾರ ಬಿಟ್ಟರೆ ಹಿಟ್ಟು ಎದ್ದು ಬರುತ್ತದೆ; ಹಗುರ ಬಿಟ್ಟರೆ ದಪ್ಪವಾಗುತ್ತದೆ. ಹತ್ತನೆಯ ದೋಸೆಗೂ ನೂರನೆಯದಕ್ಕೂ ತಾರತಮ್ಯವಿಲ್ಲ. ಗಿರಾಕಿಗೆ ಕಾಣುವುದು ಮಡಿಸಿದ ದೋಸೆಯ ಹೊಂಬಣ್ಣದ ಮುಖ. ಒಳಮುಖ ಬೆಂದಿದೆಯೋ ಹಸಿಯಿದೆಯೋ ಎಂಬುದು ನಾಲಗೆಗೆ ಮಾತ್ರ ತಿಳಿಯುವ ವಿಷಯ. ಅಜ್ಜಿಯ ಸೂತ್ರ ಇಲ್ಲಿಯೂ ಹೊಂದುತ್ತದೆ.

ಮುಂಬಯಿಯ ಡಬ್ಬಾವಾಲಾಗಳ ಮಾತೂ ಹೀಗೆಯೇ. ೧೮೯೦ರ ಸುಮಾರಿಗೆ ಮೊದಲಾದ ಈ ವ್ಯವಸ್ಥೆಯಲ್ಲಿ ಮನೆಯ ಡಬ್ಬಿ ಕಚೇರಿಯ ಮೇಜಿಗೆ ಹೋಗುವಾಗ ಹಲವು ಕೈ ಬದಲಾಗುತ್ತದೆ. ಮುಚ್ಚಳದ ಮೇಲೆ ಬಳಿದ ಕೆಲವು ಬಣ್ಣ, ಅಂಕಿ, ಅಕ್ಷರಗಳೇ ಅದರ ವಿಳಾಸ. ಹೆಚ್ಚು ಓದದವರೂ ಓಡುತ್ತ ಓಡುತ್ತ ಓದಿಕೊಳ್ಳಬಹುದಾದ ಲಿಪಿ ಅದು. ೨೦೨೦ರಲ್ಲಿ ಕಚೇರಿಗಳ ಬಾಗಿಲು ಮುಚ್ಚಿದಾಗ ಅವರಲ್ಲಿ ಬಹಳ ಮಂದಿ ಹಳ್ಳಿಗಳಿಗೆ ತಿರುಗಿ ಹೋದರು. ಎಲ್ಲರೂ ಮರಳಿ ಬರಲಿಲ್ಲ. ಕಲೆಯನ್ನು ಮೆಚ್ಚುವವರಿದ್ದರೆ ಸಾಲದು, ಅದಕ್ಕೆ ದಿನವೂ ಕೆಲಸವಿರಬೇಕು ಎಂಬುದನ್ನು ಅವರ ಕಥೆ ಹೇಳುತ್ತದೆ.

ನಾಲ್ಕನೆಯದು ನಮ್ಮ ಸ್ವಂತ ಕಸುಬು, ಗುಮಾಸ್ತಗಿರಿ. ಇದನ್ನು ಈ ಸಾಲಿಗೆ ತಂದರೆ ನೀವು ನಗುವಿರೆಂದು ಬಲ್ಲೆವು. ಕಡತ ಎಂಬ ಮಾತಿಗೂ ಕಲೆ ಎಂಬ ಮಾತಿಗೂ ಮೊದಲ ಅಕ್ಷರ ಬಿಟ್ಟರೆ ನಂಟಿಲ್ಲವೆಂದು ಲೋಕದ ನಂಬಿಕೆ. ಕಚೇರಿಯಲ್ಲಿದ್ದು ಕಲಾವಿದರಾದವರಿಲ್ಲವೆ ಎಂದರೆ, ಇದ್ದಾರೆ. 'ಮೈಸೂರ ಮಲ್ಲಿಗೆ'ಯನ್ನು ೧೯೪೨ರಲ್ಲಿ ಕೊಟ್ಟ ಕೆ. ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯ ಗುಮಾಸ್ತಗಿರಿಯಲ್ಲಿ ದುಡಿದವರು. ಮುಂಬಯಿಯ ಉದ್ಯಮ ಸಂಸ್ಥೆಯಲ್ಲಿ ಕೆಲಸಮಾಡುತ್ತಿದ್ದ ಯಶವಂತ ಚಿತ್ತಾಲರು ಆ ಕಚೇರಿ ಲೋಕವನ್ನೇ ೧೯೭೯ರ 'ಶಿಕಾರಿ'ಯ ಹೂರಣವಾಗಿ ಮಾಡಿದರು. ಆದರೆ ಅವರು ಕಚೇರಿಯಿಂದ ಹೊರಗೆ ತಂದ ಕಲೆಯ ಮಾತು ಅದು. ಮೇಜಿನ ಮೇಲೆಯೇ ಹುಟ್ಟಿ ಅಲ್ಲಿಯೇ ಕಪಾಟು ಸೇರುವ ಕಲೆಯೊಂದಿದೆ. ನಾವು ಹೇಳಹೊರಟಿರುವುದು ಅದನ್ನು.

ನಮ್ಮ ಕಚೇರಿಯಲ್ಲಿ, ಈಗ ನಿವೃತ್ತರಾಗಿರುವ, ಹಿರಿಯ ಗುಮಾಸ್ತರೊಬ್ಬರಿದ್ದರು. ಒಮ್ಮೆ ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಕಾಗದಗಳು ಅವರ ಮೇಜಿಗೆ ಬಂದವು. ಆಕೆ ನಮ್ಮ ಕಡೆಯವರೇ. ಗಂಡನ ಹೆಸರು ಸೇವಾ ಪುಸ್ತಕದಲ್ಲಿ ಹನುಮಂತಪ್ಪ, ರೇಷನ್ ಕಾರ್ಡಿನಲ್ಲಿ ಇಲ್ಲಿಯ ರೂಢಿಯಂತೆ ತಂದೆಯ ಹೆಸರೂ ಅಡ್ಡಹೆಸರೂ ಸೇರಿ ಹನುಮಂತ, ಮರಣದ ದಾಖಲೆಯಲ್ಲಿ ಹಣಮಂತ. ಪರಸ್ಥಳದಲ್ಲಿರುವ ಕನ್ನಡಿಗರಿಗೆ ಈ ಪಾಡನ್ನು ವಿವರಿಸಬೇಕಾಗಿಲ್ಲ. ಬೇರೊಂದು ಕಚೇರಿ ಅದನ್ನು 'ಹೆಸರು ಹೊಂದುವುದಿಲ್ಲ' ಎಂಬ ಒಂದೇ ಸಾಲು ಬರೆದು ಮೂರು ಸಲ ಹಿಂದಿರುಗಿಸಿತ್ತು. ಆಕೆ ಎರಡು ವರ್ಷಗಳಿಂದ ಮಗಳ ಮನೆಯಲ್ಲಿ ಅಳಿಯನ ಮುಖ ನೋಡಿಕೊಂಡು ಊಟಮಾಡುತ್ತಿದ್ದರು.

ಹಿರಿಯರು ಒಂದು ಹಾಳೆ ತೆಗೆದುಕೊಂಡು ಗೆರೆ ಎಳೆದು ಒಂದು ತಖ್ತೆ ಹಾಕಿದರು. ಎಡಕ್ಕೆ ದಾಖಲೆಯ ಹೆಸರು, ವರ್ಷ. ಮುಂದೆ ಅದರಲ್ಲಿ ಗಂಡನ ಹೆಸರು ಬರೆದಿರುವ ರೀತಿ. ಆಮೇಲೆ ಹೆಂಡತಿಯ ಹೆಸರು, ಹುಟ್ಟಿದ ತಾರೀಖು, ಊರು. ಮೂರು ದಾಖಲೆಗಳನ್ನು ಒಂದರ ಕೆಳಗೊಂದು ಇಟ್ಟಾಗ ಒಂದು ಕಂಬದಲ್ಲಿ ಮಾತ್ರ ವ್ಯತ್ಯಾಸ, ಉಳಿದ ಮೂರರಲ್ಲಿ ಅಕ್ಷರವೂ ಬದಲಿಲ್ಲ ಎಂಬುದು ಕಣ್ಣಿಗೆ ಹೊಡೆದಂತೆ ಕಂಡಿತು. ಕೆಳಗೆ ನಾಲ್ಕೇ ಸಾಲಿನ ಟಿಪ್ಪಣಿ: ವ್ಯತ್ಯಾಸ ಕಾಗುಣಿತದ್ದು, ವ್ಯಕ್ತಿಯದಲ್ಲ, ಒಂದು ಪ್ರಮಾಣಪತ್ರ ಪಡೆದು ಮಂಜೂರು ಮಾಡಬಹುದು. ಪುಟಗಳಿಗೆ ಅಂಕಿ ಹಾಕಿ, ನೋಡಬೇಕಾದ ಹಾಳೆಗಳಿಗೆ ಚೀಟಿ ಅಂಟಿಸಿ, ಟ್ಯಾಗು ಕಟ್ಟಿದರು. ಮೇಲಿನವರು ಎರಡು ನಿಮಿಷದಲ್ಲಿ ಸಹಿ ಹಾಕಿದರು. ಮರು ತಿಂಗಳು ಆಕೆಗೆ ಹಣ ಬರಲು ಮೊದಲಾಯಿತು.

ಆಕೆ ಆ ಹಾಳೆಯನ್ನು ನೋಡಲಿಲ್ಲ. ಬರೆದವರು ಯಾರೆಂಬುದೂ ಆಕೆಗೆ ತಿಳಿಯದು. ಕಡತದ ಒಳಗಿನ ಹಾಳೆ ಬಟ್ಟೆಯ ಹಿಂಬದಿಯಂತೆ. ಸಾರ್ವಜನಿಕರಿಗೆ ಕಾಣುವುದು ಕಚೇರಿಯ ಫಲಕ, ಸಾಹೇಬರ ಸಹಿ. ಅವರ ಮೈಗೆ ತಾಗುವುದು ಒಳಗಿನ ಟಿಪ್ಪಣಿ. ಈಗ ಬಹಳ ಕಡೆ ಕಡತಗಳು ಗಣಕಯಂತ್ರದ ಒಳಗೆ ಹೋಗಿವೆ. ಟ್ಯಾಗೂ ಇಲ್ಲ, ಹಸಿರು ಹಾಳೆಯೂ ಇಲ್ಲ. ಆದರೆ ಗಂಟು ಹಾಕುವ ಟಿಪ್ಪಣಿ, ಗಂಟು ಬಿಡಿಸುವ ಟಿಪ್ಪಣಿ ಎಂಬ ಎರಡು ಜಾತಿಗಳು ಅಲ್ಲಿಯೂ ಇವೆ.

ಹಾಗಾದರೆ ಎಲ್ಲ ಕೆಲಸವೂ ಕಲೆಯೇ ಎಂದು ಕೇಳುವಿರಾ? ಹಾಗೆ ಹೇಳಿದರೆ ಮಾತಿಗೆ ಬೆಲೆಯೇ ಉಳಿಯದು. ನಮ್ಮ ಸಾಮಾನ್ಯ ಬುದ್ಧಿಗೆ ತೋರುವ ಗುರುತುಗಳು ಮೂರು. ಕೈಗೆ ಸಿಕ್ಕಷ್ಟರಲ್ಲೇ ಕೆಲಸ ಸಾಗಿಸಬೇಕು. ಹಳೆಯ ಧೋತರವಾಗಲಿ, ಒಂದು ಹಾಳೆಯಾಗಲಿ, ಒಂದು ಸೌಟು ಹಿಟ್ಟಾಗಲಿ. ಅಳತೆ ಕೈಯಲ್ಲಿ ಕುಳಿತಿರಬೇಕು. ಅದು ಸಾವಿರ ಸಲ ಮಾಡಿದವರಿಗೆ ಬರುವಂಥದು. ಕೊನೆಯದಾಗಿ, ಯಾರೂ ನೋಡದ ಬದಿಯನ್ನೂ ಅದು ಯಾರಿಗೆ ತಾಗುತ್ತದೆಯೋ ಅವರನ್ನು ನೆನೆದು ಮಾಡಿರಬೇಕು. ಮೊದಲ ಎರಡು ಇದ್ದರೆ ನಿಪುಣತೆ. ಮೂರನೆಯದೂ ಕೂಡಿದಾಗ ಅದನ್ನು ಕಲೆಯೆನ್ನಲು ನಮಗೆ ಸಂಕೋಚವಿಲ್ಲ.

ಇಲ್ಲಿ ಒಂದು ಅಪಾಯವೂ ಇದೆ, ಅದನ್ನು ಮುಚ್ಚಿಡಬಾರದು. ಕೆಲಸವನ್ನು ಕಲೆಯೆಂದು ಹೊಗಳುವುದು ಕೆಲವೊಮ್ಮೆ ಕೂಲಿ ತಪ್ಪಿಸುವ ಉಪಾಯವಾಗುತ್ತದೆ. ಪ್ರದರ್ಶನದಲ್ಲಿ ಕಸೂತಿಯ ಸೀರೆಯನ್ನು ಕೈಯಲ್ಲಿ ಹಿಡಿದು, "ಆಹಾ, ನಮ್ಮ ನಾಡಿನ ಕಲೆ!" ಎಂದು ಕಣ್ಣರಳಿಸಿದವರೇ ಮರುಗಳಿಗೆ, "ಐನೂರು ಬಿಡಿ" ಎಂದು ಚೌಕಾಸಿಗೆ ನಿಲ್ಲುತ್ತಾರೆ. ಒಂದು ಸೀರೆ ತುಂಬಲು ತಿಂಗಳುಗಟ್ಟಲೆ ಕಣ್ಣು ಸುಟ್ಟುಕೊಂಡವಳಿಗೆ ಆಹಾಕಾರದಿಂದ ಹೊಟ್ಟೆ ತುಂಬದು. ಮನೆಯೊಳಗೂ ಇದೇ ವ್ಯವಹಾರ. ಮಡದಿಯನ್ನು ಅನ್ನಪೂರ್ಣೆ ಎಂದು ನಾಲ್ಕು ಮಂದಿಯ ಮುಂದೆ ಹೊಗಳಿ, ಉಂಡ ತಟ್ಟೆಯನ್ನು ಅಲ್ಲಿಯೇ ಬಿಟ್ಟು ಏಳುವ ಗಂಡಂದಿರು ನಮ್ಮ ಸಂಘದಲ್ಲಿ ಒಬ್ಬರೂ ಇಲ್ಲವೆಂದು ಪ್ರಮಾಣಮಾಡುವ ಧೈರ್ಯ ನಮಗಿಲ್ಲ. ಪಂಕ್ತಿಯಲ್ಲಿ ಪ್ರಶ್ನೆ ಕೇಳಿದ ಆ ಗೃಹಿಣಿಗೆ, "ತಾಯಿ, ನಿಮ್ಮ ಐದು ಗಂಟೆಯ ಏಳಾಟವೇ ಕಲೆ" ಎಂದು ಹೇಳಿ ಕೈ ತೊಳೆದುಕೊಳ್ಳಲು ನಾವು ಸಿದ್ಧರಿಲ್ಲ. ಅವರಿಗೆ ಬೇಕಾದುದು ಹೊಗಳಿಕೆಗಿಂತ ಮೊದಲು ಅರ್ಧ ಗಂಟೆಯ ಬಿಡುವು. ಡಬ್ಬಿ ಕಟ್ಟಲು ಇನ್ನೊಂದು ಜೊತೆ ಕೈ ಸೇರಿದರೆ, ಆ ಡಬ್ಬಿಯಲ್ಲಿ ಅವರ ಕೈಯ ಅಂದ ಅವರಿಗೇ ಕಾಣಲು ಅವಕಾಶವಾದೀತು.

ಮತ್ತೆ, ಯಾವ ಹೂವಿನ ಮಾತಿನಿಂದಲೂ ಸಿಂಗರಿಸಬಾರದ ಕೆಲಸಗಳೂ ಉಂಟು. ಮನುಷ್ಯನ ಕೈಯಿಂದ ಮಲ ಎತ್ತಿಸುವುದನ್ನು ೧೯೯೩ರ ಕಾನೂನೂ, ಅದು ಸಾಲದೆ ೨೦೧೩ರ ಕಾನೂನೂ ನಿಷೇಧಿಸಬೇಕಾಯಿತು. ಅಂಥ ಕಡೆ ಸೇವೆಯೆಂದೂ ಕಾಯಕವೆಂದೂ ಹೊಗಳುವುದು ಕ್ರೌರ್ಯ. ಕೆಲಸದಲ್ಲಿ ಕಲೆ ಕಾಣಬೇಕಾದರೆ ಮೊದಲು ಆ ಕೆಲಸ ಮನುಷ್ಯನಿಗೆ ತಕ್ಕದ್ದಾಗಿರಬೇಕು.

ಕೂಲಿ, ಬಿಡುವುಗಳ ಜೊತೆಗೆ ಸಲ್ಲಬೇಕಾದ ಇನ್ನೊಂದು ಬಾಕಿಯಿದೆ: ಹೆಸರು. ಬೇಲೂರಿನ ಗುಡಿ ೧೧೧೭ರಲ್ಲಿ ವಿಷ್ಣುವರ್ಧನನ ಕಾಲದ್ದು. ಅಲ್ಲಿಯ ವಿಗ್ರಹಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ಶಿಲ್ಪಿಗಳ ಹೆಸರು ಕೆತ್ತಿದೆ. ಹದಿಮೂರನೆಯ ಶತಮಾನದ ಸೋಮನಾಥಪುರದಲ್ಲಿ ಮಲ್ಲಿತಮ್ಮ ತನ್ನ ಹೆಸರನ್ನು ಮತ್ತೆ ಮತ್ತೆ ಕೆತ್ತಿದ್ದಾನೆ. ಶಿಲ್ಪಿಗಳು ಹೆಸರು ಬಯಸದ ವಿರಕ್ತರೆಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ನಮ್ಮ ನಾಡಿನ ಶಿಲ್ಪಿಗಳು ಬಯಸಿದರು, ಕೆತ್ತಿದರು, ಎಂಟು ನೂರು ವರ್ಷ ಉಳಿದರು. ಕಲ್ಲಿನವರಿಗೆ ಸಂದದ್ದು ಬಟ್ಟೆಯವರಿಗೇಕೆ ಸಲ್ಲಬಾರದು? ನಮ್ಮ ಅಟ್ಟಗಳಲ್ಲಿರುವ ಕೌದಿ, ಕಸೂತಿ, ಕುಲಾವಿ, ಬಾಗಿಲ ತೋರಣಗಳ ಮೇಲೆ ಯಾರ ಹೆಸರೂ ಇಲ್ಲ. ಹೊಲಿದವರು ಕಣ್ಮರೆಯಾದ ಹತ್ತು ವರ್ಷಕ್ಕೆ ಅವು ಪಾತೇಲಿಯ ತೂಕಕ್ಕೆ ಬರುತ್ತವೆ.

ಆದ್ದರಿಂದ ವಾಚಕರಲ್ಲಿ ನಮ್ಮದೊಂದು ಬಿನ್ನಹ. ದೀಪಾವಳಿಗೆ ಮನೆ ತೊಳೆಯುವಾಗ ಅಟ್ಟದಿಂದ ಇಂಥ ವಸ್ತುವೊಂದು ಇಳಿದರೆ, ಅದನ್ನು ಕೊಡುವ ಇಡುವ ವಿಚಾರಕ್ಕೆ ಮೊದಲು ಒಂದು ಮಧ್ಯಾಹ್ನ ಅದರ ಮುಂದೆ ಕುಳಿತುಕೊಳ್ಳಿ. ಊರಿನಲ್ಲಿರುವ ಸೋದರತ್ತೆಗೋ ದೊಡ್ಡವ್ವನಿಗೋ ದೂರವಾಣಿ ಮಾಡಿ, ಹೊಲಿದವರು ಯಾರು, ಯಾವ ವರ್ಷ, ಯಾರ ಯಾರ ಬಟ್ಟೆ ಇದರಲ್ಲಿ ಸೇರಿದೆ ಎಂದು ಕೇಳಿ ಬರೆದುಕೊಳ್ಳಿ. ಚಿತ್ರ ತೆಗೆದು, ಆ ವಿವರದೊಡನೆ ಈ ಪತ್ರಿಕೆಗೆ ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಬಿಟ್ಟುಕೊಡಲು ಸಂಪಾದಕರು ಒಪ್ಪಿದ್ದಾರೆ. ಗವಂತಿ, ಮುರಗಿ ಬಲ್ಲ ಹಿರಿಯರು ಯಾರಾದರೂ ತಿಂಗಳಿಗೊಂದು ಭಾನುವಾರ ಸಂಘದ ಕೋಣೆಗೆ ಬರಲು ಮನಸ್ಸು ಮಾಡಿದರೆ, ಕಲಿಯುವ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಕೂಡಿಸುವ ಹೊಣೆ ನಮ್ಮದು. ಅವರ ಹೋಗಿಬರುವ ಖರ್ಚನ್ನೂ ಗೌರವ ಧನವನ್ನೂ ಸಂಘವೇ ಕೊಡಬೇಕೆಂದು ಕಾರ್ಯಕಾರಿ ಸಮಿತಿಗೆ ಬರೆದಿದ್ದೇವೆ.

ಇನ್ನೊಂದು ಕೆಲಸವಂತೂ ಇಂದೇ ಆಗಬಹುದು. ಎರಡು ಬೆರಳಗಲದ ಬಿಳಿಯ ಬಟ್ಟೆಯ ಪಟ್ಟಿಯೊಂದನ್ನು ಕತ್ತರಿಸಿ, ಹೊಲಿದವರ ಹೆಸರು, ಊರು, ವರ್ಷ ಇಷ್ಟನ್ನು ಅದರ ಮೇಲೆ ದಾರದಲ್ಲಿ ಬರೆದು, ಕೌದಿಯ ಹಿಂಬದಿಯ ಒಂದು ಮೂಲೆಗೆ ಹೊಲಿದುಬಿಡಿ. ಕಸೂತಿ ಬರದಿದ್ದರೆ ಸಾದಾ ಹೊಲಿಗೆಯೂ ನಡೆಯುತ್ತದೆ. ದಾರಕ್ಕೆ ಗಂಟು ಹಾಕದಿರುವುದೊಂದನ್ನು ಮರೆಯಬೇಡಿ. ಹೊದೆಯುವ ಮಕ್ಕಳ ಮೈಗೆ ಚುಚ್ಚೀತು.